ಪೆನ್‌ರೋಸ್ ಕ್ಯಾಸೆಟ್ಟಿನ ಬಿ ಸೈಡು

ಅಪ್ಪರ್ ಹಟ್,
ಭಾನುವಾರ, 18 ಮೇ 2025

ಉಪ್ಪಿಟ್ಟು ಸೌಂಡ್ ಸಿಸ್ಟಮ್ಮಿನ ಹಿರಿಯ ಪಾಲುದಾರರೂ, ಹಾಲಿನ ಪುಡಿಯ ತೇವಾಂಶ ಪರೀಕ್ಷಕರೂ, ಹ್ಯಾಮಿಲ್ಟನ್ ನಗರದ ಭೂಷಣರೂ ಆದ ಅನೀಸನಿಗೆ,

ನರಸಿಂಹನ ಸಲಾಮು. ಅದರ ಬೆನ್ನಿಗೇ ಒಂದು ದೊಡ್ಡ ಸಾರಿ. ನಿನ್ನ ನಾಲ್ಕು ಮೆಸೇಜು, ಎರಡು ಮಿಸ್ಡ್ ಕಾಲು, ಬರೀ ನಿಟ್ಟುಸಿರು ತುಂಬಿರುವ ಒಂದು ವಾಯ್ಸ್ ನೋಟು, ಯಾವುದಕ್ಕೂ ಐದು ವಾರದಿಂದ ಉತ್ತರ ಕೊಟ್ಟಿಲ್ಲ. ಮೊದಲ ವಾರವೇ ಕ್ಷಮೆ ಕೇಳಬಹುದಿತ್ತು. ಈಗ ಆ ತಡ ಬೆಳೆದು ದೊಡ್ಡದಾಗಿ ಮೀಸೆ ಬಿಟ್ಟು ನನ್ನ ಎದುರೇ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದೆ.

ಇಲ್ಲಿ ನಾವೆಲ್ಲ ಸೌಖ್ಯ. ನಾವೆಲ್ಲ ಎಂದರೆ ವಿಜಯಾ ಮತ್ತು ತನ್ಮಯ್. ನಾನು ಗ್ಯಾರೇಜಿನಲ್ಲಿ ಬಂದಿಯಾಗಿದ್ದೇನೆ. ಇದು ಅಲಂಕಾರದ ಮಾತಲ್ಲ, ವರದಿ. ಬೆಳಗಿನಿಂದ ದಕ್ಷಿಣದ ಗಾಳಿ ಬೀಸುತ್ತಿದೆ. ಹನ್ನೊಂದೂವರೆಗೆ ಇಡೀ ಬೀದಿಯ ಕರೆಂಟು ಹೋಯಿತು. ನಮ್ಮ ಗ್ಯಾರೇಜಿನ ಉಕ್ಕಿನ ಬಾಗಿಲಿಗೆ ಕರೆಂಟಿಲ್ಲದೆ ಮೇಲೇಳುವ ಅಭ್ಯಾಸವಿಲ್ಲ. ಫೋನು ಅಡುಗೆಮನೆಯಲ್ಲಿ ಚಾರ್ಜಿಗಿದೆ. ಹೆಂಡತಿ, ಮಗ ಕನ್ನಡ ಸಂಘದ ಕ್ವಿಜ್ಜಿಗೆ ಹೋಗಿದ್ದಾರೆ. ನಾನು ತಲೆನೋವು ಎಂಬ ಸರ್ವಮಾನ್ಯ ಕಾರಣ ಕೊಟ್ಟು ತಪ್ಪಿಸಿಕೊಂಡೆ. ತಪ್ಪಿಸಿಕೊಂಡು ಬಂದು ಸಿಕ್ಕಿಬಿದ್ದೆ. ಹಾಗಾಗಿ ಈ ಕಾಗದವನ್ನು ತನ್ಮಯನ ಹಳೆಯ, ಐದನೆಯ ತರಗತಿಯ ಜ್ವಾಲಾಮುಖಿ ಪ್ರಾಜೆಕ್ಟಿನ ಹಾಳೆಗಳ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಓದುವಾಗ ಮಧ್ಯೆ ಕೆಂಪು ಬಣ್ಣ ಮೂಡಿ ಕಂಡರೆ ಅದು ನನ್ನ ರಕ್ತವಲ್ಲ, ಅವನ ಲಾವಾ.

ಗ್ಯಾರೇಜಿನಲ್ಲಿ ನನಗೇನು ಕೆಲಸ? ಕಾರಿನಲ್ಲಿ ಕೂತಿದ್ದೇನೆ. ಅದೇ ಹಳೆಯ ಬೆಳ್ಳಿ ಬಣ್ಣದ ವ್ಯಾಗನ್ನು. ಗಾಡಿ ರಸ್ತೆಗಿಳಿಯಲು ಯೋಗ್ಯವೇ ಎಂದು ನೋಡುವ ವಾರಂಟ್ ಪರೀಕ್ಷೆಯಲ್ಲಿ ಇದು ಎಷ್ಟು ವಿಷಯದಲ್ಲಿ ಫೇಲಾಯಿತೆಂದರೆ, ಮೆಕ್ಯಾನಿಕ್ಕು ಪಟ್ಟಿ ಓದಿ ಹೇಳಿ ನನ್ನ ಹೆಗಲ ಮೇಲೆ ಕೈ ಇಟ್ಟ. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ನು ಹಚ್ಚುವಷ್ಟು ದಡ್ಡ ನಾನಲ್ಲ, ಹಚ್ಚಿದರೂ ಇದು ಹತ್ತುವುದಿಲ್ಲ. ಕೀಲಿಯನ್ನು ಅರ್ಧ ತಿರುಗಿಸಿದರೆ ಬ್ಯಾಟರಿಯಿಂದ ಸ್ಟೀರಿಯೋ ಮಾತ್ರ ಓಡುತ್ತದೆ. ನಮ್ಮ ಮನೆಯಲ್ಲಿ ಉಳಿದಿರುವ ಕಟ್ಟಕಡೆಯ ಕ್ಯಾಸೆಟ್ ಪ್ಲೇಯರು ಅದು.

ನೀನು ಕೇಳುತ್ತಿರುವ ಪೆನ್‌ರೋಸಿನ ಕ್ಯಾಸೆಟ್ಟು ಅದರ ಹೊಟ್ಟೆಯಲ್ಲಿದೆ, ಅನೀಸ್. ಓಡುತ್ತದೆ, ಹೊರಗೆ ಮಾತ್ರ ಬರುವುದಿಲ್ಲ. ಬುಧವಾರ ಹತ್ತು ಗಂಟೆಗೆ ಗುಜರಿಯವನು ಬಂದು ಕಾರನ್ನು ಎಳೆದುಕೊಂಡು ಹೋಗುತ್ತಾನೆ. ನಿನಗೆ ಅದು ಮೂವತ್ತೊಂದನೆಯ ತಾರೀಖಿನ ರಿಯೂನಿಯನ್ನಿಗೆ ಮುಂಚೆ ಬೇಕು. ಅದನ್ನು ನಿನಗೆ ಕಳಿಸಬೇಕೋ, ಗುಜರಿಯವನ ಜೊತೆ ಹೋಗಲು ಬಿಡಬೇಕೋ ಎಂದು ನಾನಿನ್ನೂ ತೀರ್ಮಾನಿಸಿಲ್ಲ. ಹೀಗೆ ಬರೆದದ್ದು ನೋಡಿ ನಿನಗೆ ಕೋಪ ಬರುತ್ತದೆ. ಬರಲಿ, ಮುಂದೆ ಅದರ ಅಗತ್ಯವಿದೆ.

ಮೊದಲು ನನ್ನ ಮೂರ್ಖತನದ ವಿಚಾರಣೆ ಮುಗಿಸೋಣ. ‘ತೊಂಬತ್ತರ ದಶಕದ ರೇವ್ ಪಿಂಚಣಿದಾರರ ಸಂಘ’ ಎಂದು ನಾನು ಕರೆಯುವ ಆ ಫೇಸ್‌ಬುಕ್ ಗುಂಪಿನಲ್ಲಿ ಯಾರೋ ಒಂದು ಫೋಟೋ ಹಾಕಿದರು. ತುಂಬ ಹೊಗೆ, ಹೊಗೆಯೊಳಗೆ ಎರಡು ಬಡಕಲು ಆಕೃತಿ, ಹಿಂದೆ ಬೆಡ್‌ಶೀಟಿನ ಮೇಲೆ ‘ಉಪ್ಪಿಟ್ಟು’ ಎಂದು ನಮ್ಮ ಬ್ಯಾನರು. ಕೆಳಗೆ ಒಬ್ಬ ಬರೆದಿದ್ದ: ಆ ಇಬ್ಬರು ಇಂಡಿಯನ್ ಹುಡುಗರು ಏನಾದರು? ಅವರು ಆ ರಾತ್ರಿ ನುಡಿಸಿದ ಸೆಟ್ಟು ಯಾರ ಹತ್ತಿರವಾದರೂ ಇದೆಯಾ? ಅದಾದ ಮೇಲೆ ನಾನು ಅಂಥದ್ದು ಕೇಳಿಲ್ಲ.

ನೋಡು, ನಾನು ಹದಿನಾಲ್ಕು ವರ್ಷದಿಂದ ಸರ್ಕಾರಿ ಕಚೇರಿಯಲ್ಲಿ ಚರಂಡಿ ನೀರಿನ ನೀತಿಯ ಕರಡು ಬರೆಯುತ್ತಿದ್ದೇನೆ. ಇವತ್ತಿನವರೆಗೆ ಒಬ್ಬನೇ ಒಬ್ಬ, ‘ನಿಮ್ಮ ಕರಡಿನ ನಂತರ ನಾನು ಅಂಥದ್ದು ಓದಿಲ್ಲ’ ಎಂದಿಲ್ಲ. ಬೆರಳು ತಡೆಯಲಿಲ್ಲ. ‘ನನ್ನ ಹತ್ತಿರ ಇದೆ’ ಎಂದು ಟೈಪಿಸಿಬಿಟ್ಟೆ. ಎಂಬತ್ತೇಳು ಲೈಕು ಬಂದವು. ಎಂಬತ್ತೆಂಟನೆಯದಾಗಿ ನೀನು ಬಂದೆ, ಲೈಕು ತರಲಿಲ್ಲ:

“ಲೇ ನರಸ್ಯಾ, ರೆಕಾರ್ಡೇ ಆಗಿಲ್ಲ ಅಂದಿದ್ದೆಲ್ಲೋ! ಕೆಂಪು ಬಟನ್ ಒತ್ತೋದು ಮರತ್ನಿ ಅಂದಿದ್ದಿ. ಇಪ್ಪತ್ತಾರು ವರ್ಷ ಬುಡಕ್ಕ ಹಾಕ್ಕೊಂಡು ಕುಂತೀಯೇನು, ಕೋಳಿ ಹಂಗ?”

ಹೌದು, ಹಾಗೇ ಅಂದಿದ್ದೆ. ಆಮೇಲೆ, ನಿನಗೆ ಉತ್ತರ ಕೊಡುವುದನ್ನೇ ನಿಲ್ಲಿಸುವ ಮುಂಚೆ, ಮೊದಲು ಹುಡುಕುತ್ತಿದ್ದೇನೆ ಎಂದೆ, ಮತ್ತೆ ಬೂಷ್ಟು ಹಿಡಿದಿದೆ ಎಂದೆ, ಕೊನೆಗೆ ವಿಜಯಾ ಎಲ್ಲೋ ಇಟ್ಟಿದ್ದಾಳೆ ಎಂದು ಅವಳ ಮೇಲೆ ಹಾಕಿದೆ. ಮೂರೂ ಸುಳ್ಳು. ನೀನು ಅದನ್ನು ನಂಬುವಷ್ಟು ಒಳ್ಳೆಯವನೂ ಅಲ್ಲ, ನಂಬಿಲ್ಲ ಎಂದು ಹೇಳುವಷ್ಟು ಕೆಟ್ಟವನೂ ಅಲ್ಲ.

ರಿಯೂನಿಯನ್ನಿನ ಆಮಂತ್ರಣ ಪತ್ರಿಕೆ ನೋಡಿದೆಯಲ್ಲ? ನಾವು ರೇವ್ ಪಾರ್ಟಿಗಳಿಗೆ ಹೋಗುತ್ತಿದ್ದ ಕಾಲದಲ್ಲಿ ವಿಳಾಸವೇ ಇರುತ್ತಿರಲಿಲ್ಲ. ಶನಿವಾರ ರಾತ್ರಿ ಒಂಬತ್ತರ ಮೇಲೆ ಒಂದು ನಂಬರಿಗೆ ಫೋನು ಮಾಡಬೇಕು, ಯಂತ್ರವೊಂದು ಗೊಗ್ಗರು ದನಿಯಲ್ಲಿ ಗೋದಾಮಿನ ಗುರುತು ಹೇಳಬೇಕು, ಬಸ್ಸಿಲ್ಲದ ಹೊತ್ತಿನಲ್ಲಿ ನಾವು ನಡೆಯಬೇಕು. ಮೊದಲ ಸಲ ಫೋನು ಕಿವಿಗಿಟ್ಟುಕೊಂಡು ನೀನು ಕೇಳಿದ್ದೆ, “ಇದೇನ್ಲೇ, ಪಾರ್ಟಿಗೆ ಕರಿಯಾಕತ್ತಾರೋ, ಹುಡುಗನ್ನ ಎತ್ತಾಕ್ಕೊಂಡು ಹೋಗೀವಿ ಅಂತ ಹೇಳಾಕತ್ತಾರೋ?” ಈಗ ಆಮಂತ್ರಣದಲ್ಲಿ ನಕಾಶೆ ಇದೆ. ಸಮಯ, ಮಧ್ಯಾಹ್ನ ಎರಡರಿಂದ ಏಳು. ಪಾರ್ಕಿಂಗ್ ಉಂಟು. ಮಕ್ಕಳಿಗೆ ಕಿವಿಗೆ ಹಾಕುವ ಮಫ್ ಉಚಿತ. ಸಾಸೇಜು ಸುಡುತ್ತಾರೆ. ಎಲ್ಲಕ್ಕಿಂತ ಕೊನೆಗೆ, ದಪ್ಪ ಅಕ್ಷರದಲ್ಲಿ, ‘ಕುರ್ಚಿಗಳ ವ್ಯವಸ್ಥೆ ಇದೆ.’ ಕುರ್ಚಿ, ಅನೀಸ್! ಒಂದು ಕಾಲದಲ್ಲಿ ಪೋಲೀಸರು ಬಂದು ಮುಚ್ಚಿಸುತ್ತಿದ್ದ ಸಂಗೀತವನ್ನು ಈಗ ಮಂಡಿನೋವು ಮುಚ್ಚಿಸುತ್ತದೆ.

ಜಾಗ ಮಾತ್ರ ಅದೇ. ಪೆನ್‌ರೋಸಿನ ಆ ಹಿಟ್ಟಿನ ಗೋದಾಮು ಈಗ ನೆಲದ ಟೈಲ್ಸಿನ ಶೋರೂಮಂತೆ. ಹೋದ ವರ್ಷ ಆಕ್ಲೆಂಡಿಗೆ ಹೋದಾಗ ನಾನು ಸುಳ್ಳೇ ಬಾತ್‌ರೂಮಿನ ಟೈಲ್ಸು ನೋಡುವವನ ಹಾಗೆ ಒಳಗೆ ಹೋಗಿದ್ದೆ. ನಾವು ಮೇಜು ಹಾಕಿದ್ದ ಮೂಲೆಯಲ್ಲಿ ಒಂದು ಕಮೋಡು ಪ್ರದರ್ಶನಕ್ಕಿಟ್ಟಿದ್ದರು. ತಲೆ ಬಾಗಿಸಿ ಬಂದೆ.

ಈ ಕಾರಿನಲ್ಲಿ ಕೂತು ಆ ಸೆಟ್ಟನ್ನು ಇವತ್ತು ಮೂರನೆಯ ಸಲ ಕೇಳುತ್ತಿದ್ದೇನೆ. ಧಪ್, ಧಪ್, ಧಪ್, ಧಪ್. ಕೇಳುತ್ತಾ ವಯಸ್ಸು ನಲವತ್ತೊಂಬತ್ತರಿಂದ ಇಳಿಯುತ್ತಾ ಬಂದು ಇಪ್ಪತ್ಮೂರಕ್ಕೆ ನಿಂತಿದೆ. ಡ್ಯಾಷ್‌ಬೋರ್ಡು ನಡುಗುತ್ತಿದೆ. ಸೀಟ್‌ಬೆಲ್ಟು ಹಾಕಿಕೊಂಡೇ ಕೂತಿದ್ದೇನೆ, ಕುಣಿಯುವುದಕ್ಕೆ ಅದೊಂದು ಒಳ್ಳೆಯ ಆಧಾರ.

ಆಗ ನಮ್ಮಲ್ಲಿ ಏನಿತ್ತು? ನೀನು, ನಾನು, ಗಗನ್, ಮೂವರಿಗೆ ಎರಡು ಕೋಣೆಯ ಒಂದು ಫ್ಲ್ಯಾಟು. ಸೆಕೆಂಡ್‌ಹ್ಯಾಂಡ್ ಟರ್ನ್‌ಟೇಬಲ್ ಎರಡು, ಅರ್ಧ ಗುಂಡಿಗಳು ಸತ್ತ ಡ್ರಮ್ ಮಷೀನು ಒಂದು, ಗಗನ್ ಹೆಗಲ ಮೇಲೆ ಹೊರುತ್ತಿದ್ದ ಡಬಲ್ ಕ್ಯಾಸೆಟ್ ಡೆಕ್ಕು. ಹಗಲು ನೀನು ಪೆನ್‌ರೋಸಿನಲ್ಲಿ ರಟ್ಟಿನ ಡಬ್ಬ ಕಟ್ಟುತ್ತಿದ್ದೆ, ನಾನು ಇಲ್ಲಿಯವರು ಡೇರಿ ಎನ್ನುವ ಬೀದಿಮೂಲೆಯ ಅಂಗಡಿಯಲ್ಲಿ ಪೈ ಬಿಸಿ ಮಾಡುತ್ತಿದ್ದೆ, ಮಧ್ಯೆ ಕ್ಲಾಸು. ವಾರವಿಡೀ ಜನ ನಮ್ಮ ಹೆಸರನ್ನು ಎತ್ತಿ ಕುಕ್ಕಿ ಮುರಿದು ಕೈಗೆ ಕೊಡುತ್ತಿದ್ದರು. ಶನಿವಾರ ಆ ತಗಡಿನ ಚಾವಣಿಯ ಕೆಳಗೆ ಹೆಸರು ಯಾರಿಗೂ ಬೇಕಿರಲಿಲ್ಲ. ಎಲ್ಲಿಂದ ಬಂದೆ, ಯಾವಾಗ ವಾಪಸು ಹೋಗುತ್ತೀ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದರೂ ಆ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ. ಮಂದಿ ಬೇರೆ ಬೇರೆ ಮಾತ್ರೆ ನುಂಗಿ ಕುಣಿದರು. ನಮ್ಮ ಜೇಬಿನಲ್ಲಿದ್ದದ್ದು ನಿನ್ನ ಅಮ್ಮಿ ಕಳಿಸಿದ ಹಿಂಗಿನ ಗುಳಿಗೆ. ಹಸಿರು ಕೂದಲಿನ ಆ ಹುಡುಗಿ ಒಂದು ಕೇಳಿ ನುಂಗಿ, ಅರ್ಧ ಗಂಟೆ ಕಾದು, “ವಾವ್” ಎಂದಳಲ್ಲ! ಉಪ್ಪಿಟ್ಟು ಎಂದರೇನು ಎಂದು ಅವಳು ಕೇಳಿದ್ದಕ್ಕೆ ನೀನು ಕಣ್ಣು ಮುಚ್ಚಿ, ವಿಶ್ವದ ಮೂಲಕಂಪನ ಎಂದೆ. ನಾನು ಪಕ್ಕದಲ್ಲಿ ನಿಂತು ಸಾಕ್ಷಿ ಹೇಳಿದೆ.

ಈಗ ಟೇಪಿನಲ್ಲಿ ಆ ಜಾಗ ಬಂತು. ಅಮ್ಮಿಯ ದನಿ.

ಅಮ್ಮಿಗೆ ಬರೆಯಲು ಬರುತ್ತಿರಲಿಲ್ಲ. ಹಾಗಾಗಿ ಗದುಗಿನಿಂದ ಬರುತ್ತಿದ್ದದ್ದು ಕಾಗದವಲ್ಲ, ಕ್ಯಾಸೆಟ್ಟು. ಊರಿಂದ ಯಾವ ಹುಡುಗ ವಿಮಾನ ಹತ್ತಿದರೂ ಅವನ ಬ್ಯಾಗಿನಲ್ಲಿ ಒಂದು. ಮಾತಾಡುವುದಕ್ಕೆ ಹೊಸ ಕ್ಯಾಸೆಟ್ಟು ದಂಡ ಎಂದು ಮನೆಯಲ್ಲಿದ್ದ ಹಳೆಯದರ ಮೇಲೇ ರೆಕಾರ್ಡು. ಹೊರಗೆ ‘ಡಿಗ್ರಿ ಇಂಗ್ಲಿಷ್ ನೋಟ್ಸ್’ ಎಂದು ಚೀಟಿ, ಒಳಗೆ ಪಕ್ಕದ ಮನೆಯ ಮೇಕೆ ಮರಿ ಹಾಕಿದ ಸಮಾಚಾರ. ಪ್ರೀತಿಯ ಮಾತೆಲ್ಲ ಉರ್ದುವಿನಲ್ಲಿ, ಬೈಯುವುದಕ್ಕೆ ಕನ್ನಡ. ನನಗೂ ಪ್ರತಿ ಸಲ ಒಂದು ಪಾಲು ಇರುತ್ತಿತ್ತು: “ನರಸಿಂಹಪ್ಪಾ, ನೀ ಆದ್ರೂ ಅವಗ ಹೇಳಪಾ.” ಎ ಸೈಡನ್ನು ನೀನು ಬಂದ ದಿನವೇ ಕೇಳುತ್ತಿದ್ದೆ. ಬಿ ಸೈಡನ್ನು ಉಳಿಸಿಕೊಳ್ಳುತ್ತಿದ್ದೆ, ತೀರಾ ತಡೆಯಲಾಗದ ದಿನಕ್ಕೆ. “ಉಪ್ಪಿನಕಾಯಿ ಹಂಗಲೇ ಇದು, ಒಮ್ಮೆಗೇ ಹಚ್ಚಿ ಮುಗಸಬಾರ್ದು” ಎನ್ನುತ್ತಿದ್ದೆ. ನಾನೂ ಗಗನೂ ನಗುತ್ತಿದ್ದೆವು.

ಯಾವುದೋ ಹಳೆಯ ಕ್ಯಾಸೆಟ್ಟಿನಿಂದ “ಉಂಡ್ಯೋ, ಇಲ್ಲೋ?” ಎಂಬ ನಾಲ್ಕು ಅಕ್ಷರವನ್ನು ಕತ್ತರಿಸಿ ಡ್ರಮ್ಮಿನ ಮೇಲೆ ಕೂರಿಸಿದ್ದು ನಿನ್ನದೇ ತಲೆ. ನಾನು ಬೇಡ ಎಂದಿದ್ದೆ, ದಾಖಲೆಗೆ ಇರಲಿ. ಮೊದಲ ಸಲ ಬಂದಾಗ ಜನ ತಲೆ ಎತ್ತಿ ನೋಡಿದರು. ಎಂಟನೆಯ ಸಲಕ್ಕೆ ಮುನ್ನೂರು ಜನ ‘ಕಿವಿ’ಗಳು, ಅದೇ, ಈ ದೇಶದವರು ತಮ್ಮನ್ನು ಕರೆದುಕೊಳ್ಳುವ ಹೆಸರು, ಬಿಳಿಯರು, ಕಂದು ಬಣ್ಣದವರು, ಮಾವೋರಿ, ಸಮೋವಾದವರು, ಕೈ ಎತ್ತಿ ಒಂದೇ ದನಿಯಲ್ಲಿ ಅಮ್ಮಿಗೆ ಮಾರುತ್ತರ ಕೊಟ್ಟರು: “ಉಂಡ್ಯೋ! ಇಲ್ಲೋ!” ತಗಡಿನ ಚಾವಣಿಯಿಂದ ಹಳೆಯ ಹಿಟ್ಟು ಉದುರಿತು. ನೀನು ನನ್ನ ಕಿವಿಗೆ ಬಾಯಿಟ್ಟು ಕೂಗಿದ್ದೆ, “ಅಮ್ಮಿಗೆ ಹೇಳಿದ್ರ ನಂಬಂಗಿಲ್ಲಲೇ!” ನಿನ್ನ ಹುಬ್ಬಿನ ಮೇಲೆಲ್ಲ ಹಿಟ್ಟು, ಹಲ್ಲು ಮಾತ್ರ ಕಾಣುತ್ತಿತ್ತು.

ನೀನು ಹೇಳಲಿಲ್ಲ. ಅದು ಶನಿವಾರ. ಸೋಮವಾರ ಫೋನು ಬಂತು. ಅಮ್ಮಿಯನ್ನು ಮಣ್ಣು ಮಾಡಿ ಬಂದ ಮೇಲೇ ಊರಿಂದ ನಿನ್ನ ಶಾದಾಬಣ್ಣ ಮಾಡಿದ ಫೋನು ಅದು. ಆ ಮೇಲಿನ ದಿನಗಳು, ನೀನು ಅಮ್ಮಿಯ ಕೊನೆಯ ಕ್ಯಾಸೆಟ್ಟಿಗಾಗಿ ಫ್ಲ್ಯಾಟಿನ ಕಾರ್ಪೆಟ್ಟನ್ನೂ ಕಿತ್ತು ಹುಡುಕಿದ್ದು, ಇಪ್ಪತ್ತನೆಯ ದಿನ, ಫ್ಲ್ಯಾಟಿನ ಕಸ ಹೊರಗೆ ಹಾಕುತ್ತಿದ್ದ ಗಗನ್‌ನ ಅಂಗಿ ಹಿಡಿದು “ಕಸ ಅಂತ ಒಗದೀಯಲ್ಲ, ಅಕಿ ಕಸ ಏನೋ ನಿನಗ?” ಎಂದದ್ದು, ಅವನು ಮರುದಿನವೇ ಚೀಲ ಕಟ್ಟಿಕೊಂಡು ಕ್ರೈಸ್ಟ್‌ಚರ್ಚಿಗೆ ಹೋದದ್ದು, ಅದೆಲ್ಲ ಈಗ ಬೇಡ. ನಿನ್ನ ಮೂರನೆಯ ಮೆಸೇಜಿನಲ್ಲಿ ಬರೆದಿದ್ದೀ: “ಗಗನ್ ಬರ್ತಾನಂತ. ಅವ ಬಂದ್ರ ನಾ ಬರಂಗಿಲ್ಲ. ನೀನ ಹೋಗಿ ಟೇಪ್ ಹಚ್ಚು.” ಇಪ್ಪತ್ತಾರು ವರ್ಷವಾಯಿತು, ಅನೀಸ್. ಅದನ್ನೂ ಈಗ ಬೇಡ ಎನ್ನೋಣವೇ? ನಾನು ಎಷ್ಟನ್ನು ಈಗ ಬೇಡ ಎನ್ನುತ್ತಿದ್ದೇನೆ ನೋಡು.

ಇರು, ಹೊರಗೆ ಕಾರು ಬಂತು.

(ಅರ್ಧ ಗಂಟೆಯ ನಂತರ.)

ನಡೆದ ಸಂಭಾಷಣೆಯನ್ನು ಇದ್ದ ಹಾಗೆ ಕೊಡುತ್ತೇನೆ. ಉಕ್ಕಿನ ಬಾಗಿಲಿನ ಆಚೆಯಿಂದ ಮೊದಲು ನನ್ನ ಕುಲದೀಪಕ:

“ಡ್ಯಾಡ್? ಆರ್ ಯೂ ಇನ್ ದೇರ್?”

“ಹೂಂ ಕಣೋ.”

“ವೈ?”

ಹದಿನಾರರ ಹುಡುಗನಿಗೆ ಈ ಪ್ರಶ್ನೆಯ ಆಳ ಗೊತ್ತಿರಲಿಕ್ಕಿಲ್ಲ. “ಕರೆಂಟಿಲ್ಲ, ಬಾಗಿಲು ತೆಗೀತಿಲ್ಲ” ಎಂದೆ.

“ಡ್ಯಾಡ್, ಜಸ್ಟ್ ಪುಲ್ ದ ರೆಡ್ ಕಾರ್ಡ್.”

ಅದು ನನ್ನ ತಲೆಯ ಮೇಲೇ ನೇತಾಡುತ್ತಿದೆ. ಕೆಂಪು ಹಗ್ಗ, ತುದಿಗೆ ಹಿಡಿಕೆ. ಒಮ್ಮೆ ಎಳೆದರೆ ಬಾಗಿಲು ಮೋಟಾರಿನಿಂದ ಬಿಡಿಸಿಕೊಳ್ಳುತ್ತದೆ, ಕೈಯಿಂದಲೇ ಎತ್ತಬಹುದು. ಈ ಮನೆ ಕೊಂಡ ದಿನವೇ ಅದನ್ನು ಅವನಿಗೆ ಹೇಳಿಕೊಟ್ಟವನು ನಾನು.

“ಗೊತ್ತು” ಎಂದೆ.

ಅವನು ಅಮ್ಮನನ್ನು ಕರೆಯಲು ಹೋದ. ಆಮೇಲೆ ಹೈಕಮಾಂಡು ಬಂತು.

“ಏನ್ರೀ ಇದು? ತಲೆನೋವು ಅಂದ್ರಿ. ಒಳಗೆ ಮಿಕ್ಸಿ ತಿರುಗೋ ಸದ್ದು ಬರ್ತಿದೆ!”

“ಅದು ಮಿಕ್ಸಿ ಅಲ್ಲ ಕಣೇ, ಟೆಕ್ನೋ.”

“ಎರಡಕ್ಕೂ ತಲೆನೋವು ಜಾಸ್ತಿನೇ ಆಗತ್ತೆ. ಬನ್ನಿ ಆಚೆ. ಕ್ವಿಜ್ಜಲ್ಲಿ ಬಿಸಿಬೇಳೆಬಾತ್ ಕೊಟ್ರು, ನಿಮ್ಗೂ ಡಬ್ಬೀಲಿ ತಂದಿದೀನಿ.”

“ಅನೀಸನಿಗೆ ಕಾಗದ ಬರೀತಿದೀನಿ. ಮುಗಿಸ್ಕೊಂಡು ಬರ್ತೀನಿ.”

“ಕಾಗದ!” ಎಂದಳು, ನಾನು ತಾಳೆಗರಿ ಎಂದ ಹಾಗೆ. ಆಮೇಲೆ ದನಿ ತಗ್ಗಿಸಿ, ಬಾಗಿಲಿಗೆ ಬಾಯಿ ಹತ್ತಿರ ತಂದು, “ರೀ, ಆ ಟೇಪು ಕೊಟ್ಬಿಡಿ ಅವ್ರಿಗೆ. ಫಹಮಿದಾ ನಂಗೆ ಫೋನ್ ಮಾಡಿದ್ಲು. ಅನೀಸ್ ಭಾಯ್ ದಿನಾ ಪೋಸ್ಟ್ ಡಬ್ಬಿ ನೋಡ್ತಿದಾರಂತೆ. ಅಂಥಾದ್ದೇನಿದೆ ಅದರಲ್ಲಿ?”

ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ನನ್ನ ಮೊಣಕಾಲಿನ ಎಕ್ಸ್‌ರೇಯಿಂದ ಹಿಡಿದು ಆಫೀಸಿನ ಪಾಸ್‌ವರ್ಡಿನವರೆಗೆ ಅವಳಿಗೆ ಗೊತ್ತಿಲ್ಲದ್ದು ಏನೂ ಇಲ್ಲ. ಇದೊಂದು ಬಿಟ್ಟು. ಮದುವೆಗೆ ಮುಂಚಿನ ಪ್ರೇಮಪ್ರಕರಣವಿದ್ದಿದ್ದರೆ ಎಂದೋ ಹೇಳಿ, ಬೈಸಿಕೊಂಡು, ಈಗ ಇಬ್ಬರೂ ನಗುತ್ತಿದ್ದೆವು.

“ಏನಿಲ್ಲ, ಬರೀ ಸದ್ದು” ಎಂದೆ.

“ಡಬ್ಬಿ ಇಲ್ಲೇ ಇಟ್ಟಿರ್ತೀನಿ” ಎಂದು ಹೋದಳು. ಬಾಗಿಲಿನ ಕೆಳಗಿನ ಸಂದಿಯಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿದೆ. ಜಗತ್ತಿನ ಅತ್ಯಂತ ಸುಖಿ ಕೈದಿ ನಾನೇ ಇರಬೇಕು.

ದಿನಾ ಪೋಸ್ಟ್ ಡಬ್ಬಿ ನೋಡುತ್ತೀಯಂತೆ. ನಾನು ಆಗ, ಇನ್ನೇನು, ತೀರ್ಮಾನ ಮಾಡಿದೆ. ಟೂಲ್‌ಬಾಕ್ಸು ಇಲ್ಲೇ ಕಪಾಟಿನಲ್ಲಿತ್ತು. ಬೂದಿತಟ್ಟೆಯ ಹಿಂದೆ ಎರಡು ಸ್ಕ್ರೂ, ಒಳಗೆ ಒಂದು ಕ್ಲಿಪ್ಪು, ಹಿಂದೆ ಒಂದು ಗೊಂಚಲು ವೈರು. ಸ್ಟೀರಿಯೋವನ್ನು ಇಡಿಯಾಗಿ ಕಿತ್ತು ತೊಡೆಯ ಮೇಲಿಟ್ಟುಕೊಂಡಿದ್ದೇನೆ. ಈಗ ಸದ್ದಿಲ್ಲ. ಬಾಯಲ್ಲಿ ಕ್ಯಾಸೆಟ್ಟಿನ ಅಂಚು ಮಾತ್ರ ಕಾಣುತ್ತದೆ. ಬೆಣ್ಣೆ ಚಾಕು ಹಾಕಿ ಎಬ್ಬಿಸಬಹುದು, ಆದರೆ ನಾನು ಮಾಡುವುದಿಲ್ಲ. ಅದಕ್ಕೆ ಕಾರಣವಿದೆ, ಕೆಳಗೆ ಬರುತ್ತದೆ.

ನಾಳೆ ಬೆಳಿಗ್ಗೆ ಸ್ಟೀರಿಯೋವನ್ನು ಹಾಗೇ ವಿಜಯಾಳ ಹಳೆಯ ಟವೆಲ್ಲಿನಲ್ಲಿ ಸುತ್ತಿ ಕೊರಿಯರ್ ಮಾಡುತ್ತೇನೆ. ಕೆಂಪು ಮತ್ತು ಹಳದಿ ವೈರು ಎರಡನ್ನೂ ಸೇರಿಸಿ ಬ್ಯಾಟರಿಯ ಪ್ಲಸ್ಸಿಗೆ, ಕಪ್ಪನ್ನು ಮೈನಸ್ಸಿಗೆ. ಉಳಿದವು ಸ್ಪೀಕರಿಗೆ. ನಿನ್ನ ಲ್ಯಾಬಿನಲ್ಲಿ ತಾಳ್ಮೆಯುಳ್ಳ ಹುಡುಗರು ಇರುತ್ತಾರೆ, ಅವರಿಂದ ಬಿಚ್ಚಿಸು. ನೀನೂ ಕೈ ಹಾಕಬೇಡ.

ಫಹಮಿದಾಗೆ ನನ್ನ ಸಲಾಮು. ಮೆಹ್ನಾಜ್ ಹ್ಯಾಮಿಲ್ಟನ್ನಿನಲ್ಲೇ ಯೂನಿವರ್ಸಿಟಿ ಸೇರಿದಳೆಂದು ಕೇಳಿ ಸಂತೋಷವಾಯಿತು. ಈ ಅಂಕಲ್ಲಿನ ಆಶೀರ್ವಾದ ಹೇಳು, ಸಂಗೀತ ಕೇಳುವಾಗ ಕಿವಿಗೆ ಹತ್ತಿ ಇಟ್ಟುಕೊಳ್ಳಲೂ ಹೇಳು. ನಮ್ಮಿಬ್ಬರ ಕಿವಿಯಲ್ಲೂ ಆ ಪೀ ಎಂಬ ಸದ್ದು ಇಪ್ಪತ್ತಾರು ವರ್ಷದಿಂದ ಬಾಡಿಗೆ ಕೊಡದೆ ವಾಸವಾಗಿದೆ. ನಿನ್ನ ಬಿಪಿ ತಗ್ಗಲಿ, ನಿನ್ನ ಹಾಲಿನ ಪುಡಿ ಒಣಗಿಯೇ ಇರಲಿ, ನಿನ್ನ ಮನೆಯ ಮೇಲೆ ದೇವರ ಕಣ್ಣು ಸದಾ ಇರಲಿ.

ನಿನ್ನ,
ನರಸಿಂಹ
(ಉಪ್ಪಿಟ್ಟು ಸೌಂಡ್ ಸಿಸ್ಟಮ್, ಕಿರಿಯ ಪಾಲುದಾರ)

ತಾ.ಕ.: ಕರೆಂಟು ಬಂದಿದೆ. ಗೋಡೆಯ ಮೇಲಿನ ಗುಂಡಿಯ ದೀಪ ಹತ್ತಿದೆ. ಒತ್ತಿದರೆ ಬಾಗಿಲು ತೆಗೆಯುತ್ತದೆ, ತೆಗೆದರೆ ಊಟ, ಊಟವಾದರೆ ಇದನ್ನು ಬರೆಯುವುದಿಲ್ಲ. ಅದಕ್ಕೆ ಒಳಗೇ ಇದ್ದೇನೆ.

ಅನೀಸ್, ಗಗನ್ ಏನನ್ನೂ ಎಸೆದಿಲ್ಲ. ನಾನು.

ಶಾದಾಬಣ್ಣನ ಮದುವೆಯ ಬ್ಯಾಂಡನ್ನು ನಾಲ್ಕು ಕ್ಯಾಸೆಟ್ಟಿನಲ್ಲಿ ರೆಕಾರ್ಡು ಮಾಡಿದ್ದರಲ್ಲ? ಅದರ ಕ್ಲ್ಯಾರಿನೆಟ್ಟಿನ ದನಿ ಕದ್ದು ನಮ್ಮ ಸೆಟ್ಟಿಗೆ ಸೇರಿಸಲೆಂದು ತಂದ ಒಂದು, ಎರಡು, ಮೂರನೆಯ ನಂಬರಿನವು ನಮ್ಮ ಕ್ರೇಟಿನಲ್ಲೇ ಇದ್ದವು. ಆ ರಾತ್ರಿ ಸೆಟ್ಟು ರೆಕಾರ್ಡು ಮಾಡುವುದು ನನ್ನ ಕೆಲಸ. ಖಾಲಿ ಕ್ಯಾಸೆಟ್ಟು ತರಲು ಮರೆತಿದ್ದೆ. ಕ್ರೇಟಿನ ಮೇಲೆ ನಿನ್ನ ಜಾಕೆಟ್ಟು ಬಿದ್ದಿತ್ತು, ಜೇಬಿನಲ್ಲೊಂದು ಕ್ಯಾಸೆಟ್ಟು. ಟಾರ್ಚು ಹಚ್ಚಿ ನೋಡಿದೆ: ‘ಮದುವೆ ಬ್ಯಾಂಡ್, 4’. ಇನ್ನೊಂದು ಬ್ಯಾಂಡು, ಹೋದರೆ ಹೋಗಲಿ ಎಂದು ಮೇಲಿದ್ದ ಸೈಡನ್ನೇ ಹಾಕಿ ಕೆಂಪು ಬಟನ್ ಒತ್ತಿದೆ. ಅಮ್ಮಿಯ ಕಾಗದಗಳು ಹಳೆಯ ಕ್ಯಾಸೆಟ್ಟಿನಲ್ಲೇ ಬರುತ್ತವೆಂದು ಈ ಭೂಮಿಯ ಮೇಲೆ ನಿನ್ನ ಬಿಟ್ಟರೆ ನನ್ನಷ್ಟು ಗೊತ್ತಿದ್ದವರು ಯಾರೂ ಇಲ್ಲ. ಆ ವಾರ ಒಂದು ಬಂದಿದೆ ಎಂದೂ ಗೊತ್ತಿತ್ತು. ಆದರೂ ಒತ್ತಿದೆ.

ಸೋಮವಾರ ಡೇರಿಯಿಂದ ಮನೆಗೆ ಬರುವ ಬಸ್ಸಿನಲ್ಲಿ ವಾಕ್‌ಮನ್‌ನಲ್ಲಿ ಕೇಳಿದೆ. ಸೆಟ್ಟು ನಲವತ್ತು ನಿಮಿಷ, ಸೈಡು ನಲವತ್ತೈದು. ಸೆಟ್ಟು ಮುಗಿದು, ಕಟಕ್ ಎಂದು, ಅಮ್ಮಿ ಮಾತಾಡುತ್ತಿದ್ದರು. ನಾನು ನಕ್ಕೆ, ಅನೀಸ್. ಬಸ್ಸಿನಲ್ಲಿ ಗಟ್ಟಿಯಾಗಿ ನಕ್ಕೆ. ಮನೆಗೆ ಹೋದ ತಕ್ಷಣ ನಿನ್ನ ಕಾಲು ಹಿಡಿದು, ಅಮ್ಮಿಯಿಂದ ಇನ್ನೊಂದು ಸಲ ಹೇಳಿಸು ಮಾರಾಯ ಎನ್ನೋಣ ಎಂದುಕೊಂಡು ಮೆಟ್ಟಿಲು ಹತ್ತಿದೆ. ನೀನು ಫೋನಿನ ಪಕ್ಕ ನೆಲದ ಮೇಲೆ ಕೂತಿದ್ದೆ.

ಆ ದಿನ ಹೇಳಲಾಗಲಿಲ್ಲ. ಮರುದಿನವೂ. ಇಪ್ಪತ್ತನೆಯ ದಿನ ನೀನು ಗಗನ್‌ನ ಅಂಗಿ ಹಿಡಿದಾಗ ಅವನು ನನ್ನ ಕಡೆ ನೋಡಿದ, ನೀನಾದರೂ ಹೇಳು ಎನ್ನುವ ಹಾಗೆ. ನಾನು ಪಾತ್ರೆ ತೊಳೆಯುತ್ತಿದ್ದೆ. ತೊಳೆಯುತ್ತಲೇ ಇದ್ದೆ. ಅವನ ನಂಬರು ಈ ಹಾಳೆಯ ಮೂಲೆಯಲ್ಲಿ ಬರೆದಿದ್ದೇನೆ. ನಿನಗೆ ಈ ಕಾಗದ ಪೋಸ್ಟು ಮಾಡಿದ ಮೇಲೆ ಮೊದಲ ಫೋನು ನಾನೇ ಅವನಿಗೆ ಮಾಡುತ್ತೇನೆ, ಎರಡನೆಯದು ನೀನು ಮಾಡು. ರಿಯೂನಿಯನ್ನಿಗೆ ನೀವಿಬ್ಬರೂ ಹೋಗಿ. ನಾನು ಬರಬೇಕೋ ಬೇಡವೋ, ನೀನು ಹೇಳಿದ ಹಾಗೆ.

ಎ ಸೈಡು ಪೂರ್ತಿ ಇದೆ. ನೀನು ಒಮ್ಮೆ ಕೇಳಿದ್ದು. ಇಷ್ಟು ವರ್ಷ ಅದೂ ನಿನಗೆ ಸಿಗದ ಹಾಗೆ ಮಾಡಿದೆ, ಬಿ ಸೈಡಿಗಾಗಿ. ಬಿ ಸೈಡಿನಲ್ಲಿ ಉಳಿದಿರುವುದು ಕೊನೆಯ ಐದು ನಿಮಿಷ. ನನಗೆ ಬಾಯಿಪಾಠ. ಮೊದಲಿಗೆ ಮೇಕೆ, ಆಮೇಲೆ ನಲ್ಲಿ ನೀರು. ಆಮೇಲೆ ಹೀಗೆ:

“ಹೇಳಬೇಕಾದ್ದೆಲ್ಲಾ ಮೊದಲ ಹೇಳೇನಿ. ಇನ್ನೇನ ಇಲ್ಲ. ಟೇಪ್ ಇನ್ನಾ ಉಳದೈತಿ, ಯಾಕ ದಂಡ ಮಾಡೋದು ಅಂತ ಸುಮ್ನ ಮಾತಾಡಾಕತ್ತೀನಿ.”

ಆ ಮೊದಲು ಹೇಳಿದ್ದರ ಮೇಲೆ ನಮ್ಮ ಧಪ್ ಧಪ್ ಇದೆ. ಅದರ ಅಡಿಯಲ್ಲಿ ಏನಾದರೂ ಕೇಳಿಸೀತೇ ಎಂದು ಇಪ್ಪತ್ತಾರು ವರ್ಷದಿಂದ ಕಿವಿಯಿಟ್ಟು ಕೇಳಿದ್ದೇನೆ. ಇಲ್ಲ. ಈ ಟೇಪಿಗೆ ಮತ್ತೆ ನನ್ನ ಕೈ ತಾಗುವುದು ಬೇಡವೆಂದೇ ಇಡೀ ಸ್ಟೀರಿಯೋವನ್ನೇ ಕಳಿಸುತ್ತಿರುವುದು.

ರಾತ್ರಿ ಖಾಲಿ ಹೊಟ್ಟೆಯಲ್ಲಿ ಹಚ್ಚಬೇಡ. ಊಟ ಮಾಡಿ ಹಚ್ಚು. ಕೊನೆಗೆ, ಟೇಪು ನಿಲ್ಲುವ ಮುಂಚೆ, ಅಮ್ಮಿ ಅದೇ ಪ್ರಶ್ನೆ ಕೇಳುತ್ತಾರೆ. ಮುನ್ನೂರು ಜನ ಉತ್ತರ ಕೊಟ್ಟರು. ನೀನು ಇನ್ನೂ ಕೊಟ್ಟಿಲ್ಲ.